ಅಂಗಿ ನಿಮ್ಮದು, ಬಣ್ಣ ಯಾರದು?



ಮುಂಬೈನ ಫ್ಯಾಷನ್ ಸ್ಟ್ರೀಟ್ ಆಗಲಿ, ದೆಹಲಿಯ ಸರೋಜಿನಿ ನಗರ ಆಗಲಿ, ಸಾಲಾಗಿ ತೂಗುಹಾಕಿದ ಫುಟ್‌ಬಾಲ್ ಜೆರ್ಸಿಗಳನ್ನು ನೀವು ನೋಡಿಯೇ ಇರುತ್ತೀರಿ. ಮ್ಯಾಂಚೆಸ್ಟರ್ ಯುನೈಟೆಡ್‌ನ ಕೆಂಪು, ಚೆಲ್ಸಿಯ ನೀಲಿ, ಬಾರ್ಸಿಲೋನಾದ ಪಟ್ಟೆ. ಮನೆಯಲ್ಲಿ ಕಾಲೇಜಿಗೆ ಹೋಗುವ ಮಗನೋ ಮಗಳೋ ಇದ್ದರೆ ಅಂಥದೊಂದು ನಿಮ್ಮ ಬೀರುವಿನಲ್ಲೂ ಇದ್ದೀತು. ಆಟಗಾರರು ತೊಡುವ ಅಂಗಿಯ ಈ ಪಡಿಯಚ್ಚಿಗೆ ‘ರೆಪ್ಲಿಕಾ’ ಎಂದು ಹೆಸರು. ಬೇಸಿಗೆ ಮುಗಿದು ಇಂಗ್ಲೆಂಡಿನಲ್ಲಿ ಹೊಸ ಸೀಸನ್ ಶುರುವಾಗುವ ಹೊತ್ತಿಗೆ ಕ್ಲಬ್ಬುಗಳು ಹೊಸ ಜೆರ್ಸಿ ಬಿಡುಗಡೆ ಮಾಡುತ್ತವೆ. ಹಿಂದೆಯೇ ಅಭಿಮಾನಿಗಳ ಗೊಣಗಾಟವೂ ಬಿಡುಗಡೆಯಾಗುತ್ತದೆ. ಕಾಲರ್ ಸರಿಯಿಲ್ಲ, ಪಟ್ಟೆ ದಪ್ಪವಾಯಿತು, ಜಾಹೀರಾತೇ ಎದೆ ತುಂಬಾ ಕೂತಿದೆ, ಬೆಲೆ ಕೇಳಿದರೆ ತಲೆ ತಿರುಗುತ್ತದೆ.

ಒಂದು ಅಂಗಿಗೆ ಇಷ್ಟು ರಂಪವೇ ಅಂತ ನಿಮಗನ್ನಿಸಬಹುದು. ಆದರೆ ಈ ಗೊಣಗಾಟಕ್ಕೆ ಸುಮಾರು ಐವತ್ತು ವರ್ಷದ ಇತಿಹಾಸವಿದೆ. ಬ್ರಿಟನ್ನಿನ ಒಂದು ಊರಿನಲ್ಲಂತೂ ಜೆರ್ಸಿಯ ಬಣ್ಣ ಎರಡೂವರೆ ವರ್ಷ ಜನರನ್ನು ಎರಡು ಪಾಲು ಮಾಡಿಟ್ಟಿತ್ತು. ಆ ಊರಿಗೆ ಆಮೇಲೆ ಹೋಗೋಣ. ಮೊದಲು ಈ ಅಂಗಿ ಅಂಗಡಿಗೆ ಬಂದದ್ದು ಹೇಗೆ ಅಂತ ನೋಡೋಣ.

ಹಿಂದೆ ಕ್ಲಬ್ಬುಗಳು ಬಣ್ಣವನ್ನು ಯಾರನ್ನೂ ಕೇಳದೆ ಬದಲಿಸುತ್ತಿದ್ದವು. ಇವತ್ತು ಕೆಂಪಿನ ಇನ್ನೊಂದು ಹೆಸರೇ ಆಗಿರುವ ಲಿವರ್‌ಪೂಲ್ 1892ರಲ್ಲಿ ಹುಟ್ಟಿದಾಗ ತೊಟ್ಟದ್ದು ನೀಲಿ-ಬಿಳಿ. ಕೆಂಪು ಬಂದದ್ದು 1896ರಲ್ಲಿ. ಇಟಲಿಯ ಯುವೆಂಟಸ್ ಮೊದಲು ಆಡುತ್ತಿದ್ದದ್ದು ಗುಲಾಬಿ ಅಂಗಿಯಲ್ಲಿ! 1903ರಲ್ಲಿ ಇಂಗ್ಲೆಂಡಿನ ನಾಟ್ಸ್ ಕೌಂಟಿ ಕ್ಲಬ್ಬಿನ ಕಪ್ಪು-ಬಿಳಿ ಪಟ್ಟೆಯ ಅಂಗಿಗಳನ್ನು ತರಿಸಿಕೊಂಡರು, ಅದೇ ಉಳಿಯಿತು. 1961ರಲ್ಲಿ ಲೀಡ್ಸ್ ಯುನೈಟೆಡ್‌ನ ಮ್ಯಾನೇಜರ್ ಡಾನ್ ರೆವಿ, ರಿಯಲ್ ಮ್ಯಾಡ್ರಿಡ್‌ನ ಹಾಗೆ ಕಾಣಬೇಕು ಅಂತ ತನ್ನ ತಂಡದ ನೀಲಿ-ಹಳದಿ ಬಿಚ್ಚಿಸಿ ಪೂರ್ತಿ ಬಿಳಿ ತೊಡಿಸಿದ.

ಆಗ ಅಂಗಿ ಆಟಗಾರನದ್ದಾಗಿತ್ತು. ನೋಡಲು ಬಂದವನು ಕೋಟು, ಟೋಪಿ ಹಾಕಿಕೊಂಡು ಬರುತ್ತಿದ್ದ. ಹೆಚ್ಚೆಂದರೆ ಕೊರಳಿಗೆ ತಂಡದ ಬಣ್ಣದ ಉಣ್ಣೆಯ ಸ್ಕಾರ್ಫು, ಅದೂ ಎಷ್ಟೋ ಸಲ ಮನೆಯಲ್ಲೇ ಹೆಣೆದದ್ದು. ನಮ್ಮ ಕನ್ನಡ ಸಂಘಗಳ ರಾಜ್ಯೋತ್ಸವಕ್ಕೆ ಹೊರಡುವಾಗ ನಾವು ಹಳದಿ-ಕೆಂಪು ಶಾಲು ಹೊದ್ದುಕೊಳ್ಳುತ್ತೇವಲ್ಲ, ಹಾಗೆ. ಆ ಬಣ್ಣವನ್ನು ಯಾವ ಕಂಪನಿಯೂ ನಮಗೆ ಮಾರಿದ್ದಲ್ಲ. ಯಾವ ಅಂಗಡಿಯ ಶಾಲಾದರೂ ಆದೀತು.

ಇದು ಬದಲಾದದ್ದು ಇಂಗ್ಲೆಂಡಿನ ಲೆಸ್ಟರ್ ಪಕ್ಕದ ವಿಗ್‌ಸ್ಟನ್ ಎಂಬ ಸಣ್ಣ ಊರಿನಿಂದ. ಅಲ್ಲಿ ಕುಕ್ ಅಂಡ್ ಹರ್ಸ್ಟ್ ಎಂಬ ಬನಿಯನ್-ಚಡ್ಡಿ ಹೊಲಿಯುವ ಕಾರ್ಖಾನೆ ಇತ್ತು. ‘ಅಡ್ಮಿರಲ್’ ಅದರ ಬ್ರಾಂಡು. ಮಾಲೀಕ ಬರ್ಟ್ ಪ್ಯಾಟ್ರಿಕ್‌ಗೆ ಒಂದು ವಿಷಯ ಹೊಳೆಯಿತು. ಸಾದಾ ಬಿಳಿ ಅಂಗಿ, ಸಾದಾ ಕೆಂಪು ಅಂಗಿ ಯಾರು ಬೇಕಾದರೂ ಹೊಲಿದು ಮಾರಬಹುದು. ಅದಕ್ಕೆ ಹಕ್ಕುದಾರರೇ ಇಲ್ಲ. ಆದರೆ ಒಂದು ವಿಶೇಷ ಪಟ್ಟೆ, ಒಂದು ವಿಶೇಷ ಕಾಲರ್, ಎದೆಯ ಮೇಲೊಂದು ಗುರುತು ಹಾಕಿದರೆ? ಆ ವಿನ್ಯಾಸ ನಮ್ಮದಾಗುತ್ತದೆ, ಬೇರೆಯವರು ಹೊಲಿಯುವಂತಿಲ್ಲ. ತಂಡ ಟಿವಿಯಲ್ಲಿ ಅದನ್ನು ತೊಟ್ಟು ಓಡಿದರೆ ಊರಿನ ಹುಡುಗರೆಲ್ಲ ಅದೇ ಬೇಕು ಅಂತ ಹಟ ಹಿಡಿಯುತ್ತಾರೆ. ಮಕ್ಕಳಿಗಾಗಿ ಫುಟ್‌ಬಾಲ್ ಬಟ್ಟೆಗಳು ಅದಕ್ಕೂ ಮುಂಚೆ ಅಂಗಡಿಯಲ್ಲಿ ಸಿಗುತ್ತಿದ್ದವು ನಿಜ. ಆದರೆ ಕ್ಲಬ್ಬಿಗೇ ದುಡ್ಡು ಕೊಟ್ಟು, ಅದರ ಅಂಗಿಯನ್ನು ತನ್ನದಾಗಿಸಿಕೊಂಡು ಮಾರುವುದು ಹೊಸ ದಂಧೆ.

ಪ್ಯಾಟ್ರಿಕ್ ಹೋದದ್ದು ಅದೇ ಲೀಡ್ಸ್‌ನ ಡಾನ್ ರೆವಿ ಬಳಿಗೆ. 1973ರಲ್ಲಿ ಒಪ್ಪಂದವಾಯಿತು. ತಂಡ ಹೊರಗಿನ ಊರಿಗೆ ಹೋದಾಗ ತೊಡುವ ಹಳದಿ ಜೆರ್ಸಿ ಅಡ್ಮಿರಲ್ ಕೈಗೆ ಬಂತು. ಮರುವರ್ಷ ರೆವಿ ಇಂಗ್ಲೆಂಡ್ ತಂಡದ ಮ್ಯಾನೇಜರ್ ಆದ. ಬೆನ್ನಿಗೇ ಇಂಗ್ಲೆಂಡಿನ ಬಿಳಿ ಅಂಗಿಗೂ ತೋಳಿನುದ್ದಕ್ಕೆ ಕೆಂಪು-ನೀಲಿ ಪಟ್ಟಿ, ಎದೆಗೆ ಅಡ್ಮಿರಲ್ ಗುರುತು ಬಂದವು. ರಾಷ್ಟ್ರೀಯ ತಂಡದ ಅಂಗಿ ಅಂಗಡಿಯ ಬೋರ್ಡಾಯಿತಲ್ಲ ಎಂದು ಹಿರಿಯರು ಮೂಗು ಮುರಿದರು. ಹುಡುಗರು ಕೊಂಡರು. ದುಡ್ಡು ಕೊಟ್ಟವರು ಅವರ ಅಪ್ಪ-ಅಮ್ಮಂದಿರು. ಇಡೀ ವ್ಯಾಪಾರದ ಗುಟ್ಟು ಇಲ್ಲೇ ಇತ್ತು ಅನ್ನಿ.

ಅಡ್ಮಿರಲ್‌ನವರ ಧೈರ್ಯ ಎಲ್ಲಿಯವರೆಗೆ ಹೋಯಿತು ಗೊತ್ತೇ? 1978ರಲ್ಲಿ ಕೊವೆಂಟ್ರಿ ಸಿಟಿ ತಂಡಕ್ಕೆ ಚಾಕೊಲೇಟ್ ಕಂದು ಬಣ್ಣದ ಜೆರ್ಸಿ ತೊಡಿಸಿದರು. ಇಂಗ್ಲಿಷ್ ಫುಟ್‌ಬಾಲಿನ ಅತಿ ಕೆಟ್ಟ ಅಂಗಿ ಯಾವುದು ಎಂಬ ಚರ್ಚೆ ಎಲ್ಲೇ ನಡೆದರೂ ಅದರ ಹೆಸರು ಬಂದೇ ಬರುತ್ತದೆ. ತಮಾಷೆಯೆಂದರೆ ಇಂದು ಸಂಗ್ರಹಕಾರರು ಹುಡುಕಿಕೊಂಡು ಹೋಗುವುದೂ ಅದನ್ನೇ. ನಮ್ಮಪ್ಪನ ಕಾಲದ ಬೆಲ್‌ಬಾಟಂ ಇದ್ದಹಾಗೆ: ಆಗ ನಗು, ಈಗ ಅಕ್ಕರೆ. ಮೂಲ ಅಡ್ಮಿರಲ್ ಕಂಪನಿ ಎಂಬತ್ತರ ದಶಕದ ಆರಂಭದಲ್ಲೇ ಮುಳುಗಿತು, ಆದರೆ ಅದು ತೋರಿಸಿದ ದಾರಿಯಲ್ಲಿ ದೊಡ್ಡ ಕಂಪನಿಗಳು ನಡೆದವು. 1979ರಲ್ಲಿ ಲಿವರ್‌ಪೂಲ್ ಎದೆಯ ಮೇಲೆ ಹಿಟಾಚಿ ಹೆಸರು ಬಂತು. 1992ರಲ್ಲಿ ಪ್ರೀಮಿಯರ್ ಲೀಗ್ ಶುರುವಾಗಿ ಟಿವಿ ದುಡ್ಡು ಹರಿದಾಗ, ಮಕ್ಕಳಷ್ಟೇ ಅಲ್ಲ, ನಲವತ್ತು ದಾಟಿದ ಅಪ್ಪಂದಿರೂ ಜೆರ್ಸಿ ತೊಟ್ಟು ಸ್ಟೇಡಿಯಮ್ಮಿಗೆ ಬರತೊಡಗಿದರು.

ಈಗ ಗಮನಿಸಿ. ಮನೆಯಲ್ಲಿ ಹೆಣೆದ ಸ್ಕಾರ್ಫು ಹಾಕಿಕೊಂಡಿದ್ದವನನ್ನು ಕ್ಲಬ್ಬು ಗಿರಾಕಿ ಮಾಡಿಕೊಂಡಿತು. ಗಿರಾಕಿ ಆದವನು ಸುಮ್ಮನಿರುತ್ತಾನೆಯೇ? ದುಡ್ಡು ಕೊಟ್ಟ ಮೇಲೆ ಮಾತನಾಡುವ ಹಕ್ಕೂ ಬಂತು.

ಮೊದಲ ಪೆಟ್ಟು ನಗೆಯ ರೂಪದಲ್ಲಿ ಬಂತು. 1996ರ ಏಪ್ರಿಲ್ 13. ಮ್ಯಾಂಚೆಸ್ಟರ್ ಯುನೈಟೆಡ್ ಬೂದು ಬಣ್ಣದ ಜೆರ್ಸಿ ತೊಟ್ಟು ಸೌತಾಂಪ್ಟನ್‌ನಲ್ಲಿ ಆಡುತ್ತಿತ್ತು. ಅರ್ಧ ಆಟಕ್ಕೆ 3-0 ಹಿಂದೆ. ಮ್ಯಾನೇಜರ್ ಅಲೆಕ್ಸ್ ಫರ್ಗುಸನ್ ಎಲ್ಲರ ಅಂಗಿಯನ್ನೂ ಬಿಚ್ಚಿಸಿ ನೀಲಿ-ಬಿಳಿ ತೊಡಿಸಿ ಕಳಿಸಿದರು. ಬೂದು ಬಣ್ಣದಲ್ಲಿ, ಜನಸಂದಣಿಯ ಎದುರು, ನಮ್ಮ ಆಟಗಾರರು ಒಬ್ಬರಿಗೊಬ್ಬರು ಕಾಣುವುದಿಲ್ಲ ಎಂಬುದು ಅವರ ವಾದ. ಆಟ 3-1ರಲ್ಲಿ ಮುಗಿಯಿತು. ಬೂದು ಅಂಗಿಯಲ್ಲಿ ಆಡಿದ ಐದರಲ್ಲಿ ಒಂದನ್ನೂ ಯುನೈಟೆಡ್ ಗೆಲ್ಲಲಿಲ್ಲ. ಮತ್ತೆ ತೊಡಲೂ ಇಲ್ಲ. ಜಗತ್ತೆಲ್ಲ ನಕ್ಕಿತು. ಮಗನಿಗೆ ಅದನ್ನೇ ಕೊಡಿಸಿದ್ದ ಅಪ್ಪನಿಗೆ ಮಾತ್ರ ನಗು ಬಂದಿರಲಾರದು. ಆಟಗಾರರೇ ಬೇಡವೆಂದು ಬಿಚ್ಚಿ ಎಸೆದದ್ದನ್ನು ಯಾವ ಹುಡುಗ ಶಾಲೆಗೆ ಹಾಕಿಕೊಂಡು ಹೋದಾನು?

ಎರಡನೆಯದು ಅವಮಾನ. 1998ರ ಮಾರ್ಚಿನಲ್ಲಿ ನ್ಯೂಕ್ಯಾಸಲ್ ಯುನೈಟೆಡ್‌ನ ಇಬ್ಬರು ನಿರ್ದೇಶಕರು, ಫ್ರೆಡ್ಡಿ ಶೆಫರ್ಡ್ ಮತ್ತು ಡಗ್ಲಸ್ ಹಾಲ್, ವೇಷ ಮರೆಸಿಕೊಂಡಿದ್ದ ಪತ್ರಕರ್ತನ ಮುಂದೆ ಬಾಯಿ ಸಡಿಲ ಬಿಟ್ಟರು. ಐದು ಪೌಂಡಿಗೆ ತಯಾರಾಗುವ ಅಂಗಿಗೆ ನಮ್ಮ ಜನ ಐವತ್ತು ಪೌಂಡ್ ಕೊಡುತ್ತಾರೆ ಅಂತ ತಮ್ಮದೇ ಅಭಿಮಾನಿಗಳನ್ನು ಆಡಿಕೊಂಡು ನಕ್ಕದ್ದು ಪತ್ರಿಕೆಯ ಮುಖಪುಟಕ್ಕೆ ಬಂತು. ಕಲ್ಲಿದ್ದಲು ಗಣಿ, ಹಡಗುಕಟ್ಟೆ ಎರಡೂ ಮುಚ್ಚಿಹೋಗಿ ಸೊರಗಿದ್ದ ಸೀಮೆ ಅದು. ಶನಿವಾರದ ಆಟವೊಂದೇ ಅಲ್ಲಿನವರ ಹಬ್ಬ. ನಿರ್ದೇಶಕರು ರಾಜೀನಾಮೆ ಕೊಟ್ಟರು, ಆದರೆ ಹೆಚ್ಚು ಕಾಲ ಹೊರಗಿರಲಿಲ್ಲ. ಮರಳಿ ಬಂದರು.

ಮೂರನೆಯದು ಲೆಕ್ಕದ ಮಾತು. 2003ರ ಆಗಸ್ಟಿನಲ್ಲಿ ಬ್ರಿಟನ್ನಿನ ನ್ಯಾಯಯುತ ವ್ಯಾಪಾರದ ಕಚೇರಿ ಒಂದು ತೀರ್ಪು ಕೊಟ್ಟಿತು. 2000 ಮತ್ತು 2001ರಲ್ಲಿ ಇಂಗ್ಲೆಂಡ್, ಮ್ಯಾಂಚೆಸ್ಟರ್ ಯುನೈಟೆಡ್ ಮೊದಲಾದ ತಂಡಗಳ ಜೆರ್ಸಿಗಳ ಬೆಲೆ ಇಳಿಯದ ಹಾಗೆ ತಯಾರಕರು, ಅಂಗಡಿಯವರು ಒಳಗೊಳಗೇ ಮಾತಾಡಿಕೊಂಡಿದ್ದರಂತೆ. ದೊಡ್ಡವರ ಅಂಗಿಗೆ 39 ಪೌಂಡ್ 99 ಪೆನ್ಸ್ ಎಂಬ ಬೆಲೆ ಅಲ್ಲಾಡದೆ ನಿಂತಿದ್ದರ ಗುಟ್ಟು ಇದು. ಒಟ್ಟು 1 ಕೋಟಿ 86 ಲಕ್ಷ ಪೌಂಡ್ ದಂಡ. ಅಂಗಡಿ ಸರಪಳಿ ಜೆಜೆಬಿ, ತಯಾರಕ ಉಂಬ್ರೊ, ಮ್ಯಾಂಚೆಸ್ಟರ್ ಯುನೈಟೆಡ್ ಕ್ಲಬ್ಬು, ಕೊನೆಗೆ ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆಯ ಹೆಸರೂ ಪಟ್ಟಿಯಲ್ಲಿತ್ತು. ಮೇಲ್ಮನವಿಯಲ್ಲಿ ಕೆಲವರ ದಂಡ ಇಳಿಯಿತು. ಆಮೇಲೆ ಗ್ರಾಹಕ ಸಂಸ್ಥೆಯೊಂದು ಜೆಜೆಬಿ ಮೇಲೆ ದಾವೆ ಹೂಡಿತು, 2008ರಲ್ಲಿ ರಾಜಿಯಾಯಿತು. ದಾವೆಯಲ್ಲಿ ಸೇರಿದವರಿಗೆ ತಲೆಗೆ 20 ಪೌಂಡ್. ಸೇರಿದವರೇ ಬಹಳ ಕಡಿಮೆ. ಲಕ್ಷಗಟ್ಟಲೆ ಜನ ಕೊಂಡ ಅಂಗಿ! ಹಳೆಯ ಜೆರ್ಸಿಗೆ ಯಾರಾದರೂ ರಸೀದಿ ಇಟ್ಟುಕೊಳ್ಳುತ್ತಾರೆಯೇ, ನೀವೇ ಹೇಳಿ.

ಇಷ್ಟಾದರೂ ಜನ ಜೆರ್ಸಿ ಕೊಳ್ಳುವುದು ಬಿಡಲಿಲ್ಲ. ಬೆಲೆಯ ಮೇಲಿನ ಸಿಟ್ಟು ಬೇರೆ, ಬಣ್ಣದ ಮೇಲಿನ ಸಿಟ್ಟು ಬೇರೆ. ಅದನ್ನು ಮೊದಲು ತೋರಿಸಿದವರು ಮ್ಯಾಂಚೆಸ್ಟರಿನವರೇ. ಅಮೆರಿಕದ ಗ್ಲೇಜರ್ ಕುಟುಂಬ 2005ರಲ್ಲಿ ಯುನೈಟೆಡ್ ಅನ್ನು ಕೊಂಡು, ಕೊಂಡ ಸಾಲವನ್ನು ಕ್ಲಬ್ಬಿನ ತಲೆಗೇ ಕಟ್ಟಿತ್ತು. 2010ರಲ್ಲಿ ಸಾವಿರಾರು ಅಭಿಮಾನಿಗಳು ಕೆಂಪು ಬಿಟ್ಟು ಹಸಿರು-ಚಿನ್ನದ ಬಣ್ಣದ ಸ್ಕಾರ್ಫು ಸುತ್ತಿಕೊಂಡು ಬಂದರು. ಯಾಕೆ ಆ ಬಣ್ಣ? 1878ರಲ್ಲಿ ರೈಲ್ವೆ ಕೆಲಸಗಾರರು ನ್ಯೂಟನ್ ಹೀತ್ ಎಂಬ ಹೆಸರಿನಲ್ಲಿ ಕ್ಲಬ್ಬು ಕಟ್ಟಿದಾಗ ತೊಟ್ಟಿದ್ದ ಬಣ್ಣ ಅದು. ಮ್ಯಾಂಚೆಸ್ಟರ್ ಯುನೈಟೆಡ್ ಎಂಬ ಹೆಸರು, ಕೆಂಪು ಅಂಗಿ ಬಂದದ್ದು 1902ರಲ್ಲಿ. ಅಂದರೆ ಕ್ಲಬ್ಬಿನ ಅಧಿಕೃತ ಅಂಗಡಿಗೆ ಬೆನ್ನು ತಿರುಗಿಸಿ, ಕ್ಲಬ್ಬಿನ ಅಜ್ಜನ ಪೆಟ್ಟಿಗೆಯಿಂದ ಬಣ್ಣ ತೆಗೆದರು! ಆ ಮಾರ್ಚ್ 10ರಂದು ಮಿಲಾನ್ ತಂಡದ ಪರ ಆಡಿ ಸೋತ ಡೇವಿಡ್ ಬೆಕಮ್, ತನ್ನ ಹಳೆಯ ಮೈದಾನದಿಂದ ಹೊರಡುವಾಗ ಅಂಥ ಸ್ಕಾರ್ಫೊಂದನ್ನು ಕೊರಳಿಗೆ ಹಾಕಿಕೊಂಡ ಚಿತ್ರ ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಗ್ಲೇಜರ್‌ಗಳು ಮಾತ್ರ ಜಗ್ಗಲಿಲ್ಲ.

ಈಗ ನಾನು ಹೇಳಿದ ಆ ಊರಿಗೆ ಬರೋಣ. ವೇಲ್ಸ್‌ನ ರಾಜಧಾನಿ ಕಾರ್ಡಿಫ್.

ಕಾರ್ಡಿಫ್ ಸಿಟಿ ಕ್ಲಬ್ಬು 1899ರಲ್ಲಿ ಬೇರೆ ಹೆಸರಿನಲ್ಲಿ ಹುಟ್ಟಿತು. 1908ರಿಂದ ಇಂದಿನ ಹೆಸರು, ನೀಲಿ ಅಂಗಿ. 1911ರಲ್ಲಿ ಊರಿನ ನ್ಯೂ ಥಿಯೇಟರಿನಲ್ಲಿ ಬೆಲ್ಜಿಯಂನ ಮೆಟರ್ಲಿಂಕ್ ಬರೆದ ‘ನೀಲಿ ಹಕ್ಕಿ’ ನಾಟಕ ನಡೆಯಿತು. ನೀಲಿ ಅಂಗಿಯ ತಂಡಕ್ಕೆ ‘ಬ್ಲೂಬರ್ಡ್ಸ್’ ಎಂಬ ಅಡ್ಡಹೆಸರು ಅಂಟಿಕೊಂಡಿತು. 1927ರಲ್ಲಿ ಇದೇ ನೀಲಿ ಹಕ್ಕಿಗಳು ವೆಂಬ್ಲಿಯಲ್ಲಿ ಆರ್ಸನಲ್ ಅನ್ನು 1-0ಯಿಂದ ಸೋಲಿಸಿ ಎಫ್.ಎ. ಕಪ್ ಎತ್ತಿಕೊಂಡು ಹೋದವು. ಆ ಕಪ್ಪು ಇಂಗ್ಲೆಂಡಿನ ಗಡಿ ದಾಟಿದ್ದು ಅದೊಂದೇ ಸಲ. ಅಂದ ಹಾಗೆ ಅವತ್ತಿನ ಗೋಲಿಗೂ ಜೆರ್ಸಿಯದೇ ಕಥೆ. ಚೆಂಡು ಆರ್ಸನಲ್ ಗೋಲ್‌ಕೀಪರ್ ಡ್ಯಾನ್ ಲೂಯಿಸ್ ಕೈಯಿಂದ ಜಾರಿ ಒಳಗೆ ಹೋಯಿತು. ಹೊಸ ಉಣ್ಣೆ ಜೆರ್ಸಿಯ ಜಿಡ್ಡಿನಿಂದ ಜಾರಿತೆಂದು ಹೇಳಿ, ಅಲ್ಲಿಂದ ಮುಂದೆ ಆರ್ಸನಲ್‌ನವರು ಗೋಲ್‌ಕೀಪರನ ಹೊಸ ಜೆರ್ಸಿಯನ್ನು ಒಗೆಯದೆ ತೊಡಿಸಲಿಲ್ಲ ಎಂಬ ಮಾತಿದೆ. ಪಾಪ, ಲೂಯಿಸ್ ಕೂಡ ವೇಲ್ಸ್‌ನವನೇ!

ಆಮೇಲೆ ಇಳಿಜಾರು. 1962ರಲ್ಲಿ ಮೊದಲ ದರ್ಜೆಯಿಂದ ಕೆಳಗಿಳಿದ ಕಾರ್ಡಿಫ್ ಮತ್ತೆ ಮೇಲೇರಲೇ ಇಲ್ಲ. ಸಾಲದ ಹೊರೆ ಬೆಳೆಯುತ್ತ ಹೋಯಿತು. 2010ರಲ್ಲಿ ಮಲೇಷ್ಯಾದ ಬಂಡವಾಳ ಬಂತು, ವಿನ್ಸೆಂಟ್ ಟಾನ್ ಎಂಬ ಉದ್ಯಮಿ ಕ್ಲಬ್ಬಿನ ದಾತನಾದ. 2012ರ ಮೇ ತಿಂಗಳಲ್ಲಿ ಸುದ್ದಿ ಸೋರಿತು: ತಂಡ ಇನ್ನು ಮುಂದೆ ಕೆಂಪು ತೊಡಲಿದೆ. ಏಷ್ಯಾದಲ್ಲಿ ಕೆಂಪು ಶುಭದ ಬಣ್ಣ, ಅಲ್ಲಿನ ಮಾರುಕಟ್ಟೆಯಲ್ಲಿ ಓಡುತ್ತದೆ. ವೇಲ್ಸ್‌ನ ಬಾವುಟದಲ್ಲೂ ಕೆಂಪು ಡ್ರ್ಯಾಗನ್ ಇದೆಯಲ್ಲ ಎಂಬ ಸಮಜಾಯಿಷಿ ಬೇರೆ. ಊರಿನಲ್ಲಿ ಗದ್ದಲವೆದ್ದಿತು. ಆಯಿತು, ಬಿಟ್ಟೆವು ಎಂದರು ಮಾಲೀಕರ ಕಡೆಯವರು. ಆದರೆ ಬಣ್ಣ ಬಿಟ್ಟರೆ ದುಡ್ಡೂ ಬಿಟ್ಟುಹೋದೀತು ಎಂಬ ಭಯ ಹಬ್ಬಿತು. ಜೂನ್ ಆರರಂದು ಮತ್ತೆ ಪ್ರಕಟಣೆ: ಕೆಂಪೇ ಗಟ್ಟಿ. ಲಾಂಛನದಲ್ಲಿ ದೊಡ್ಡ ಕೆಂಪು ಡ್ರ್ಯಾಗನ್. ನೂರು ವರ್ಷದ ನೀಲಿ ಹಕ್ಕಿ ಅದರ ಕಾಲ ಕೆಳಗೆ ಪುಟ್ಟದಾಗಿ ಕೂತಿತ್ತು. ನೀಲಿ ಜೆರ್ಸಿ ಹೊರ ಊರಿನ ಆಟಗಳಿಗೆ ಬದಲಿಯಾಗಿ ಉಳಿಯಿತು.

ಇಲ್ಲಿ ಕಾರ್ಡಿಫ್‌ನವರನ್ನು ಸುಲಭವಾಗಿ ಹೊಗಳುವುದೂ ಬೇಡ, ತೆಗಳುವುದೂ ಬೇಡ. ಅತ್ತ ದರಿ, ಇತ್ತ ಪುಲಿ. ಎಷ್ಟೋ ಜನ ಕೆಂಪು ಜೆರ್ಸಿ ಕೊಂಡರು, ತೊಟ್ಟರು. ಕ್ಲಬ್ಬು ಮುಳುಗುವುದಕ್ಕಿಂತ ಕೆಂಪಾಗಿ ತೇಲಲಿ ಎಂಬುದು ಅವರ ವಾದ. ಐವತ್ತು ವರ್ಷ ಕಾದವರಿಗೆ ಪ್ರೀಮಿಯರ್ ಲೀಗ್ ಕಣ್ಣೆದುರೇ ಇರುವಾಗ ಬಣ್ಣದ ಮಾತೇನು? ಇನ್ನು ಕೆಲವರು ಟಿಕೆಟ್ಟೇ ಬಿಟ್ಟರು. ಮತ್ತೆ ಕೆಲವರು ಬಂದರು, ಆದರೆ ಹಳೆಯ ನೀಲಿಯಲ್ಲೇ ಬಂದರು. ಪಕ್ಕದ ಎದುರಾಳಿ ಊರು ಬ್ರಿಸ್ಟಲ್‌ನ ಬಣ್ಣ ಕೆಂಪು ಎಂಬುದನ್ನೂ ನೆನಪಿಡಿ. ಗಾಯದ ಮೇಲೆ ಉಪ್ಪು.

ಕೆಂಪಿನಲ್ಲಿ ಆಡಿದ ಮೊದಲ ವರ್ಷವೇ ಕಾರ್ಡಿಫ್ ತನ್ನ ದರ್ಜೆಯ ಚಾಂಪಿಯನ್ ಆಯಿತು! 2013ರ ಏಪ್ರಿಲ್ 16ರಂದು ಚಾರ್ಲ್ಟನ್ ಜತೆ 0-0 ಮಾಡಿಕೊಂಡು, 51 ವರ್ಷಗಳ ನಂತರ ಮೊದಲ ದರ್ಜೆಗೆ ಏರುವುದು ಖಚಿತವಾಯಿತು. ಟಾನ್ ಹೇಳಿದ್ದೇ ಸರಿ ಎಂದುಬಿಡಲು ಇದಕ್ಕಿಂತ ಒಳ್ಳೆಯ ಕಾರಣ ಬೇಕೇ? ಆದರೆ ‘ಬ್ಲೂಬರ್ಡ್ಸ್ ಯುನೈಟ್’ ಎಂಬ ಹೆಸರಿನ ಚಳವಳಿ ಹುಟ್ಟಿದ್ದು ಕೆಂಪಿನ ದಿನಗಳಲ್ಲೇ. ಗೆದ್ದ ತಂಡವನ್ನು ಕೂಗಿ ಹುರಿದುಂಬಿಸುತ್ತಲೇ ಕೊರಳಲ್ಲಿ ನೀಲಿ ಸ್ಕಾರ್ಫು ಎತ್ತಿ ಹಿಡಿದ ಜನ ಅವರು. ನನಗೆ ಈ ಇಡೀ ಇತಿಹಾಸದಲ್ಲಿ ದೊಡ್ಡದಾಗಿ ಕಾಣುವುದು ಇದು. ಸೋತಾಗ ಬಣ್ಣವನ್ನು ಬೈಯುವುದು ಸುಲಭ, ಫರ್ಗುಸನ್ ಕೂಡ ಬೈದರು. ಗೆದ್ದಾಗಲೂ ಈ ಬಣ್ಣ ನಮ್ಮದಲ್ಲ ಎನ್ನಲು ಎದೆ ಬೇಕು.

ಮರುವರ್ಷ ಸೋಲು ಬಂತು. 2013ರ ಡಿಸೆಂಬರಿನಲ್ಲಿ, ತಂಡವನ್ನು ಮೇಲಕ್ಕೆ ತಂದಿದ್ದ ಮ್ಯಾನೇಜರ್ ಮಾಲ್ಕಿ ಮೆಕೇಯನ್ನು ಟಾನ್ ವಜಾ ಮಾಡಿದ. ಸೀಸನ್ನಿನ ಕೊನೆಗೆ ಕಾರ್ಡಿಫ್ ಕಟ್ಟಕಡೆಯ ಸ್ಥಾನದಲ್ಲಿ ನಿಂತು ಮತ್ತೆ ಕೆಳಗಿಳಿಯಿತು. ಈಗ ಕೆಂಪನ್ನು ಸಹಿಸಿಕೊಂಡವರಿಗೂ ಕಾರಣ ಉಳಿಯಲಿಲ್ಲ. ಸೀಟುಗಳು ಖಾಲಿಯಾಗತೊಡಗಿದವು. 2015ರ ಜನವರಿ 2ರಂದು ಕೋಲ್‌ಚೆಸ್ಟರ್ ವಿರುದ್ಧದ ಎಫ್.ಎ. ಕಪ್ ಆಟಕ್ಕೆ, ಮೂವತ್ತು ಸಾವಿರಕ್ಕೂ ಹೆಚ್ಚು ಜನ ಹಿಡಿಯುವ ಸ್ಟೇಡಿಯಮ್ಮಿನಲ್ಲಿ ಇದ್ದವರು ನಾಲ್ಕು ಸಾವಿರದ ಆಸುಪಾಸು.

ಒಂದು ವಾರ ಕಳೆದಿತ್ತಷ್ಟೆ. ಮನೆಯ ಮೈದಾನದಲ್ಲಿ ಮತ್ತೆ ನೀಲಿ ಎಂದು ಟಾನ್ ಪ್ರಕಟಿಸಿದ. ಬೌದ್ಧ ಧರ್ಮದಲ್ಲಿ ಗಾಢ ನಂಬಿಕೆಯಿದ್ದ ತನ್ನ ತಾಯಿ ಒಗ್ಗಟ್ಟು, ಸಂತೋಷದ ಬಗ್ಗೆ ಬುದ್ಧಿಮಾತು ಹೇಳಿದರು ಎಂದು ಕಾರಣ ಕೊಟ್ಟ. ತಾಯಿಯ ಮಾತೋ, ಖಾಲಿ ಕುರ್ಚಿಗಳ ಮಾತೋ, ನೀವೇ ಊಹಿಸಿ! ಸೀಸನ್ನಿನ ನಡುವೆ ಹೊಸ ಅಂಗಿ ಹೊಲಿಸಲು ಸಮಯವೆಲ್ಲಿ? ಹೊರ ಊರಿಗೆಂದು ಇಟ್ಟಿದ್ದ ನೀಲಿಯನ್ನೇ ಜನವರಿ 10ರ ಶನಿವಾರ ಫುಲಾಮ್ ವಿರುದ್ಧ ತೊಟ್ಟು ಇಳಿದರು. 1-0ಯಿಂದ ಗೆದ್ದರು. ಮುಂದೆ ಲಾಂಛನವೂ ಬದಲಾಗಿ ಹಕ್ಕಿ ಮತ್ತೆ ದೊಡ್ಡದಾಯಿತು.

ಬೇರೆ ಮಾಲೀಕರು ಇದರಿಂದ ಪಾಠ ಕಲಿತರೇ? ಅಲ್ಲಲ್ಲಿ. ಲಿವರ್‌ಪೂಲ್ ಊರಿನದೇ ಇನ್ನೊಂದು ತಂಡ ಎವರ್ಟನ್ 2013ರಲ್ಲಿ ಲಾಂಛನ ಬದಲಿಸಿ ಲ್ಯಾಟಿನ್ ಧ್ಯೇಯವಾಕ್ಯ ಕಿತ್ತುಹಾಕಿದಾಗ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಸಹಿ ಹಾಕಿದರು. ಕ್ಲಬ್ಬು ಕ್ಷಮೆ ಕೇಳಿ ಮತದಾನವನ್ನೇ ನಡೆಸಿತು. ಆದರೆ ಜೆರ್ಸಿಗಳು ಆಗಲೇ ತಯಾರಾಗಿದ್ದರಿಂದ ಬೇಡವಾದ ಲಾಂಛನವನ್ನೇ ಒಂದು ವರ್ಷ ಹೊತ್ತು ಆಡಬೇಕಾಯಿತು.

ನಮ್ಮ ದೇಶದಲ್ಲೂ ಇಂಥದು ನಡೆಯಿತು. ಕೋಲ್ಕತ್ತದ ಮೋಹನ್ ಬಾಗಾನ್ ಕ್ಲಬ್ಬಿನ ಬಣ್ಣ ಹಸಿರು-ಮೆರೂನ್. 1911ರಲ್ಲಿ ಬಹುತೇಕ ಬರಿಗಾಲಲ್ಲಿ ಆಡಿ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು ಸೋಲಿಸಿ ಐ.ಎಫ್.ಎ. ಶೀಲ್ಡ್ ಗೆದ್ದ ತಂಡ ಅದು. 2020ರಲ್ಲಿ ಎಟಿಕೆ ಎಂಬ ಹೊಸ ಕಾಲದ ಕ್ಲಬ್ಬಿನ ಜತೆ ವಿಲೀನವಾದಾಗ ಮಾಲೀಕರು ಜಾಣತನ ತೋರಿ ಹಸಿರು-ಮೆರೂನನ್ನು ಉಳಿಸಿಕೊಂಡರು. ಹೆಸರು ಮಾತ್ರ ‘ಎಟಿಕೆ ಮೋಹನ್ ಬಾಗಾನ್’. ಕಾರ್ಡಿಫ್‌ನಲ್ಲಿ ಹೆಸರಿತ್ತು, ಬಣ್ಣ ಹೋಗಿತ್ತು. ಇಲ್ಲಿ ಬಣ್ಣವಿತ್ತು, ಹೆಸರಿಗೆ ಬಾಲಂಗೋಚಿ ಮುಂದುಗಡೆ ಅಂಟಿತ್ತು. ‘ರಿಮೂವ್ ಎಟಿಕೆ’ ಎಂಬ ಕೂಗು ಮೂರು ವರ್ಷ ನಿಲ್ಲಲಿಲ್ಲ. 2023ರ ಮಾರ್ಚ್ 18ರಂದು ಗೋವಾದಲ್ಲಿ ಐ.ಎಸ್.ಎಲ್. ಫೈನಲ್. ಎದುರಿಗಿದ್ದದ್ದು ನಮ್ಮ ಬೆಂಗಳೂರು ಎಫ್‌.ಸಿ. ಆಟ 2-2 ಆಗಿ, ಪೆನಾಲ್ಟಿಯಲ್ಲಿ ಬೆಂಗಳೂರು ಸೋತಿತು. ನಮಗೆ ಬೇಸರದ ರಾತ್ರಿ ಅದು. ಆದರೆ ಕಪ್ಪು ಗೆದ್ದ ಅದೇ ರಾತ್ರಿ ಮಾಲೀಕ ಸಂಜೀವ್ ಗೋಯೆಂಕಾ, ಹೆಸರಿನಿಂದ ಎಟಿಕೆ ತೆಗೆಯುತ್ತೇವೆ ಎಂದು ಘೋಷಿಸಿದರು. ಆ ವರ್ಷದ ಜೂನ್‌ನಿಂದ ಅದು ‘ಮೋಹನ್ ಬಾಗಾನ್ ಸೂಪರ್ ಜೈಂಟ್’. ಮುಂದಿನ ಬಾಲಂಗೋಚಿ ಹೋಗಿ ಹಿಂದೆ ಇನ್ನೊಂದು ಬಂತಲ್ಲ ಅಂತ ಗೊಣಗುವವರು ಕೋಲ್ಕತ್ತದಲ್ಲಿ ಇದ್ದೇ ಇದ್ದಾರೆ, ಹಸಿರು-ಮೆರೂನ್ ಜೆರ್ಸಿ ತೊಟ್ಟುಕೊಂಡೇ.